ಜಿರಾಫೆಗಳಿಗೆ ದೃಷ್ಟಿ ತೆಗೆದ ಸೊಣ್ಣಮ್ಮ

ಕೊಡಿಗೇಹಳ್ಳಿಯಲ್ಲಿ ಮಗು ಹಾಲು ಕುಡಿಯದೆ ರಚ್ಚೆ ಹಿಡಿಯಿತು ಅಂದರೆ ಡಾಕ್ಟರ ಹತ್ತಿರ ಓಡುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲೇ ಸೊಣ್ಣಮ್ಮನ ಮನೆ ಇದೆ. ಹೇಗೂ ಹೋಗುತ್ತಿದ್ದೇವೆ, ಅವಳ ಕೈಯಲ್ಲೊಂದು ಸಲ ದೃಷ್ಟಿ ತೆಗೆಸಿಬಿಟ್ಟರೆ ಗಂಟೇನು ಹೋಗುತ್ತದೆ? ಹಾಗೆ ಬಂದವರಲ್ಲಿ ಅರ್ಧ ಜನ ಡಾಕ್ಟರನ್ನು ಮರೆತು ಅಲ್ಲಿಂದಲೇ ಮನೆಗೆ ತಿರುಗುತ್ತಿದ್ದರು. ಅಷ್ಟರಲ್ಲಿ ಮಗು ಕಿಲಕಿಲ ನಗುತ್ತಿರುತ್ತಿತ್ತು. ಕೈಗುಣ ಅಂದರೆ ಅದು!

ಸೊಣ್ಣಮ್ಮನಿಗೆ ಬೆಳಿಗ್ಗೆ ಸೊಪ್ಪಿನ ವ್ಯಾಪಾರ, ಸಂಜೆ ದೃಷ್ಟಿಯ ಕೆಲಸ. ಸೊಪ್ಪಿನಲ್ಲಿ ಒಂದು ಕಟ್ಟು ಹೆಚ್ಚು ಕೇಳಿದರೆ ಜಗಳಕ್ಕೆ ನಿಲ್ಲುವವಳು ದೃಷ್ಟಿಗೆ ಮಾತ್ರ ಯಾರಿಂದಲೂ ಏನನ್ನೂ ಮುಟ್ಟಿದವಳಲ್ಲ. ಅವಳಿಗೆ ಬೇಕಾದದ್ದು ಒಂದೇ ಮಾತು: "ಸೊಣ್ಣಮ್ಮನ ಕೈ ಅಂದ್ರೆ ಕೈ." ಅದನ್ನು ಕೇಳಿದ ದಿನ ಅವಳ ಮುದ್ದೆ ಒಂದು ತುತ್ತು ಜಾಸ್ತಿ ಇಳಿಯುತ್ತಿತ್ತು.

ಈ ಕೆಲಸಕ್ಕೊಂದು ಕಟ್ಟುನಿಟ್ಟಿದೆ. ದೃಷ್ಟಿ ತೆಗೆಯುವವಳು ಬಾಯಿ ಬಿಟ್ಟು ಯಾರನ್ನೂ ಹೊಗಳಕೂಡದು. ಬೇರೆಯವರ ಕಣ್ಣು ಒಂದು ಪಾಲು ತಾಗಿದರೆ ಇವಳ ಕಣ್ಣು ಹತ್ತು ಪಾಲು ತಾಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಹಾಗಾಗಿ ಸೊಣ್ಣಮ್ಮ ಮದುವೆಯಾಗಿ ಬಂದ ಲಾಗಾಯ್ತು ಯಾರಿಗೂ ಒಂದು ಒಳ್ಳೆಯ ಮಾತು ಹೇಳಿದ್ದಿಲ್ಲ. ಗುಂಡುಗುಂಡಾದ ಮಗುವನ್ನು ಎತ್ತಿಕೊಂಡು "ಥೂ, ಒಳ್ಳೆ ಕೋತಿ ಮೂತಿ! ಯಾರವ್ವಾ ಹೆತ್ತಿದ್ದು ಇದನ್ನ?" ಎಂದು ಗದರುವಳು. ತಾಯಿಗೆ ಆಗ ಹಿಡಿಸಲಾರದಷ್ಟು ಸಂತೋಷ. ಅವಳು ಕೋತಿ ಅನ್ನದೆ ಸುಮ್ಮನಿದ್ದರೆ ಮಗು ನಿಜಕ್ಕೂ ಲಕ್ಷಣವಾಗಿಲ್ಲವೇನೋ ಎಂದು ತಾಯಂದಿರು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಮಗನ ಮದುವೆಯಲ್ಲಿ ಸೊಸೆಯ ಗಲ್ಲ ಎತ್ತಿ ನೋಡಿ "ಎಲ್ಲಿಂದ ತಂದ್ಯೋ ಈ ಬೆದರುಬೊಂಬೇನ" ಅಂದಿದ್ದಳು. ಸೊಸೆ ಊರಿಗೆ ಹೊಸಬಳು, ಪಾಪ, ಒಂದು ವಾರ ಅತ್ತಳು. ಯಾರೋ ಅರ್ಥ ಬಿಡಿಸಿ ಹೇಳಿದ ಮೇಲೆ ಒಂದು ತಿಂಗಳು ಬೀಗಿದಳು.

ಹೀಗಿರುವಾಗ ನಮ್ಮ ಕಡೆಗೆ ಜಿರಾಫೆಗಳು ಬಂದವು. ಗಾಬರಿ ಬೇಡ, ನಾಲ್ಕು ಕಾಲಿನವಲ್ಲ. ಯಾರೋ ದುಡ್ಡಿದ್ದವರು ಸೇರಿ ಬೆಂಗಳೂರಿನ ಒಂದೊಂದು ಭಾಗಕ್ಕೆ ಒಂದೊಂದು ತಂಡ ಕಟ್ಟಿ ಹೊಸದಾಗಿ ಬ್ಯಾಸ್ಕೆಟ್‌ಬಾಲ್ ಲೀಗ್ ಶುರು ಮಾಡಿದ್ದರು. ಅದರಲ್ಲಿ ನಮ್ಮದು 'ಹೆಬ್ಬಾಳ್ ಜಿರಾಫ್ಸ್'. ಸಂಬಳಕ್ಕೆ ಆಡುವ ಹುಡುಗರು, ಹಳದಿಯ ಮೇಲೆ ಕಂದು ಚುಕ್ಕೆಯ ಬನಿಯನ್, ಯಲಹಂಕದ ಒಂದು ಒಳಾಂಗಣದಲ್ಲಿ ಆಟ. ತಂಡದ ಮ್ಯಾನೇಜರು ಕೊಡಿಗೇಹಳ್ಳಿಯವನೇ ಆದ ಭೀಮರಾಜ್. ಅವನೂ ಎಳೆಗೂಸಾಗಿದ್ದಾಗ ಸೊಣ್ಣಮ್ಮನಿಂದ ಕೋತಿ ಅನ್ನಿಸಿಕೊಂಡು ಬೆಳೆದವನೇ.

ಜಿರಾಫೆಗಳು ಓಡುವುದರಲ್ಲಿ ಚುರುಕು, ಸೋಲುವುದರಲ್ಲಿ ಇನ್ನೂ ಚುರುಕು. ಮೊದಲ ಪಂದ್ಯ ಸೋತರು, ಹೊಸಬರು ಅಂದರು. ಎರಡನೆಯದು ಸೋತರು, ರೆಫರಿ ಸರಿಯಿಲ್ಲ ಅಂದರು. ಮೂರನೆಯದೂ ಸೋತಾಗ ಅನ್ನಲು ಏನೂ ಉಳಿಯಲಿಲ್ಲ. ಭೀಮರಾಜ್ ನೆಟ್ಟಗೆ ಸೊಣ್ಣಮ್ಮನ ಸೊಪ್ಪಿನ ಮಂಕರಿಯ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ.

"ಅತ್ತೆ, ನಮ್ಮ ಹುಡುಗ್ರಿಗೆ ಯಾರ್ದೋ ಕಣ್ಣು ಬಿದ್ದೈತೆ. ನೀನೇ ಕಾಪಾಡ್ಬೇಕು."

"ಯಾಕ್ಲಾ, ಮೈಗೆ ಉಷಾರಿಲ್ವಾ ಅವ್ಕೆ?"

"ಉಷಾರಾಗೇ ಅವ್ರೆ. ದಿನಾ ಡಜನ್ನುಗಟ್ಲೆ ಮೊಟ್ಟೆ ತಿಂತಾವ್ರೆ. ಸೋಲ್ತಾವ್ರೆ, ಅಷ್ಟೇ."

ಮುಂದಿನ ಪಂದ್ಯದ ದಿನ ಸೊಣ್ಣಮ್ಮ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಎಲ್ಲ ಚೀಲಕ್ಕೆ ಹಾಕಿಕೊಂಡು ಆಟೋದಲ್ಲಿ ಯಲಹಂಕಕ್ಕೆ ಹೊರಟಳು. ಆಟಗಾರರ ಕೋಣೆಗೆ ಕಾಲಿಟ್ಟವಳೇ ತಲೆ ಎತ್ತಿ ನೋಡಿದಳು, ಇನ್ನೂ ಎತ್ತಿ ನೋಡಿದಳು. ಇವರ ತಲೆಗೆ ಕೈ ಸುತ್ತಬೇಕಾದರೆ ಏಣಿ ಬೇಕು. "ಕೂರ್ರೋ ಒಂಟೆಗಳಾ, ಕೆಳಕ್ಕೆ!" ಎಂದು ಒಂದು ಗದರಿಕೆ ಹಾಕಿದಳು. ಅಷ್ಟೂ ಜನ ಇಸ್ಕೂಲು ಮಕ್ಕಳ ಹಾಗೆ ಸಾಲಾಗಿ ಚಕ್ಕಂಬಕ್ಕಳ ಹಾಕಿದರು. ಕೋಚ್ ಪರರಾಜ್ಯದವರು, ಮೊದಲು ಕೈಕಟ್ಟಿಕೊಂಡು ನಕ್ಕರು. ಆಮೇಲೆ ಏನನ್ನಿಸಿತೋ, ತಾವೂ ಬಂದು ಸಾಲಿನ ಕೊನೆಯಲ್ಲಿ ಕೂತರು.

"ಆ ಕಣ್ಣು, ಈ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಕಂಡೋರ ಕಣ್ಣು, ಕಾಣ್ದೋರ ಕಣ್ಣು..." ಎನ್ನುತ್ತ ಮುಷ್ಟಿ ಸುತ್ತಿಸಿ, ಒಬ್ಬೊಬ್ಬರಿಂದಲೂ ಅದರ ಮೇಲೆ ಥೂ ಥೂ ಅನ್ನಿಸಿದಳು. ಗಂಗಾನಗರದ ಫರ್ಹಾನ್‌ಗೆ ಮಾತ್ರ ಹೇಳಿಕೊಡುವ ಪ್ರಮೇಯವೇ ಬರಲಿಲ್ಲ.

"ನಮ್ಮನೇಲೂ ಅಮ್ಮಿ ಮೆಣಸಿನ್ಕಾಯಲ್ಲೇ ನಜರ್ ಉತಾರ್ತಾರೆ ಅಜ್ಜಿ. ನಂಗೆ ಎಲ್ಲಾ ಗೊತ್ತು" ಎಂದು ಅವನು ಹಲ್ಲು ಬಿಟ್ಟ. ತಂಡದಲ್ಲೆಲ್ಲ ಗಿಡ್ಡ ಅವನು. ಗಿಡ್ಡ ಅಂದರೂ ಸೊಣ್ಣಮ್ಮನಿಗಿಂತ ಒಂದು ಮೊಳ ಮೇಲೆ.

"ನಗಬ್ಯಾಡ, ಹಲ್ಲುಬ್ಬ" ಎಂದಳು ಸೊಣ್ಣಮ್ಮ. ಅಂದರೆ ಹುಡುಗ ಅವಳಿಗೆ ಹಿಡಿಸಿದ ಅಂತ ಲೆಕ್ಕ.

ತೆಗೆದ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಘಾಟು ಬರಬಾರದು. ಬರಲಿಲ್ಲ ಅಂದರೆ ದೃಷ್ಟಿ ಇತ್ತು, ಸುಟ್ಟುಹೋಯಿತು ಎಂದರ್ಥ. ಘಾಟು ಬಂದರೆ ಅಲ್ಲಿ ದೃಷ್ಟಿಯೇ ಇರಲಿಲ್ಲ. ಸೊಣ್ಣಮ್ಮ ಹಿಂಬಾಗಿಲ ಬಳಿ ಕೆಂಡಕ್ಕೆ ಹಾಕಿದಳು ನೋಡಿ, ಅಬ್ಬಬ್ಬಾ! ಘಾಟು ಕಿಟಕಿಯಿಂದ ಒಳಗೆ ನುಗ್ಗಿ ಆ ತಂಡ, ಈ ತಂಡ, ರೆಫರಿ, ನೋಡಲು ಬಂದವರು ಎಲ್ಲರೂ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡರು. ಆಟ ಶುರುವಾಗುವುದೇ ತಡವಾಯಿತು. ತಡವಾಗಿ ಶುರುವಾದರೂ ಜಿರಾಫೆಗಳು ಸರಿಯಾಗಿಯೇ ಸೋತರು.

ಸೊಣ್ಣಮ್ಮ ಭೀಮರಾಜನ ಹತ್ತಿರ ಮುಚ್ಚುಮರೆ ಮಾಡಲಿಲ್ಲ. "ಈ ಐಕ್ಳಿಗೆ ದೃಷ್ಟಿನೇ ಆಗಿಲ್ಲ ಕಣ್ಲಾ. ಸೋಲೋರ್ನ ಯಾರು ನೋಡ್ತಾರೆ, ಕಣ್ಣು ಬೀಳಾಕೆ?"

"ಅಂಗನ್ಬೇಡ ಅತ್ತೆ. ನೀನು ಬಂದ್ರೆ ಹುಡುಗ್ರಿಗೆ ಅದೊಂದು ಧೈರ್ಯ. ಬಿಡ್ಬೇಡ" ಎಂದು ಅವನು ಗೋಗರೆದ. ಅವಳೂ ಕರಗಿದಳು. ಯಲಹಂಕದಲ್ಲಿ ಪಂದ್ಯ ಇದ್ದಾಗಲೆಲ್ಲ ಹೋಗಿ ದೃಷ್ಟಿ ತೆಗೆದಳು. ತೆಗೆದದ್ದನ್ನು ಮೂರು ದಾರಿ ಕೂಡುವಲ್ಲಿ ಎಸೆದು, ಪದ್ಧತಿಯಂತೆ ಹಿಂತಿರುಗಿ ನೋಡದೆ ಮನೆಗೆ ಬಂದಳು. ಆಟ ಹೇಗಿರುತ್ತದೆ ಎಂದು ಅವಳು ಒಂದು ದಿನವೂ ನೋಡಲಿಲ್ಲ. ಬೆಳಿಗ್ಗೆ ಸುದ್ದಿ ಮಾತ್ರ ಸೊಪ್ಪಿಗಿಂತ ಮುಂಚೆ ಬಂದು ಮಂಕರಿಯ ಪಕ್ಕ ಕೂತಿರುತ್ತಿತ್ತು: ಸೋತರು.

ಊರಿನ ಬಾಯಿಗೆ ಬೀಗ ಉಂಟೇ? ಪಕ್ಕದಲ್ಲೇ ಹೂವು ಮಾರುವ ಮುನಿನಾರಾಯಣಮ್ಮ ಮೊಗ್ಗು ಕಟ್ಟುತ್ತ ಕಟ್ಟುತ್ತ ಗಿರಾಕಿಗಳ ಮುಂದೆ ರಾಗ ಎಳೆದಳು: "ಮೊದ್ಲಿದ್ದ ಕೈ ಅಲ್ಲ ಬಿಡಿ ಅದು. ಆಟದ ಉಡುಗ್ರನ್ನ ನೋಡ್ತಿಲ್ವಾ?" ಮೆಲ್ಲಮೆಲ್ಲಗೆ ಮಕ್ಕಳನ್ನು ಎತ್ತಿಕೊಂಡು ಬರುವವರು ಕಡಿಮೆಯಾದರು. ಹೊಸ ಕಾರು ಕೊಂಡವರು ಬಾಗಿಲ ಮುಂದೆ ನಿಲ್ಲಿಸದೆ ಸೀದಾ ಹೋದರು. ಹಿಂದಿನ ಬೀದಿಯವರು ಮೊಮ್ಮಗಳನ್ನು ದೃಷ್ಟಿ ತೆಗೆಸಲು ಅಬ್ಬಿಗೆರೆಗೆ ಕರೆದುಕೊಂಡು ಹೋದರು ಎಂದು ತಿಳಿದ ದಿನ ಸೊಣ್ಣಮ್ಮನಿಗೆ ಎದೆಗೆ ಒದ್ದಂತಾಯಿತು. ಅಬ್ಬಿಗೆರೆಗೆ! ಒಲೆಯ ಮುಂದೆ ಕೂತು ಸೆರಗು ಒದ್ದೆಯಾಗುವಷ್ಟು ಅತ್ತಳು. ಆ ಹುಡುಗರು ಒಂದೇ ಒಂದು ಪಂದ್ಯ ಗೆದ್ದುಬಿಟ್ಟರೆ ಸಾಕಿತ್ತು, ಅವಳ ಕೈ ಮತ್ತೆ ಕೈಯಾಗುತ್ತಿತ್ತು.

ಕೊನೆಯ ಪಂದ್ಯ ಬಂತು. ಎದುರಿಗೆ ಎಲ್ಲರನ್ನೂ ಸೋಲಿಸಿ ಮೇಲೆ ಕೂತಿದ್ದ ತಂಡ. ಸೊಣ್ಣಮ್ಮ ದೃಷ್ಟಿ ತೆಗೆದು, ಎಸೆದು, ಹಿಂತಿರುಗಿ ನೋಡದೆ ಒಂದು ಸುತ್ತು ಹಾಕಿ ಇನ್ನೊಂದು ಬಾಗಿಲಿನಿಂದ ಒಳಗೆ ಬಂದು ಕೂತಳು. ಎಲ್ಲಿ ಎಡವಟ್ಟಾಗುತ್ತಿದೆ, ಕಣ್ಣಾರೆ ನೋಡಿಯೇಬಿಡೋಣ ಅಂತ. ಏನಾಗುತ್ತದೋ ನೋಡಬೇಕು ಎಂದು ಮುನಿನಾರಾಯಣಮ್ಮನೂ ಹೂವಿನ ಬುಟ್ಟಿ ಮಗಳಿಗೆ ಒಪ್ಪಿಸಿ ಹಿಂದೆಯೇ ಬಂದಿದ್ದಳು.

"ಅಯ್ಯೋ ಇವ್ರ ಬುದ್ಧಿಗಿಷ್ಟು, ಬುಟ್ಟಿಗೆ ತಳಾನೇ ಇಲ್ವಲ್ಲೇ! ಆಕಿದ್ದೆಲ್ಲಾ ಕೆಳಕ್ಕೆ ಬೀಳ್ತೈತೆ. ಇನ್ನೆಲ್ಲಿ ಗೆಲ್ತಾರೆ?" ಎಂದಳು ಸೊಣ್ಣಮ್ಮ. ಹಿಂದೆ ಕೂತಿದ್ದ ಕಾಲೇಜು ಹುಡುಗಿಯರು ಬಿದ್ದು ಬಿದ್ದು ನಕ್ಕು, ಬಿದ್ದರೇ ಲೆಕ್ಕ ಎಂದು ತಿಳಿಸಿಕೊಟ್ಟರು. ತಿಳಿದದ್ದೇ ತಡ, ಅಜ್ಜಿಗೆ ಆಟ ನೆತ್ತಿಗೇರಿತು. ಚೆಂಡು ಆ ಕಡೆ ಹೋದರೆ ಎದೆ ಬಡಿದುಕೊಂಡಳು, ಈ ಕಡೆ ಬಂದರೆ ಮುನಿನಾರಾಯಣಮ್ಮನ ತೊಡೆ ಬಡಿದಳು. ಎದುರಾಳಿಯೊಬ್ಬ ನಮ್ಮ ತಂಡದ ಸಿದ್ದುವನ್ನು ತಳ್ಳಿದಾಗ ಎದ್ದು ನಿಂತು ಅವನ ವಂಶವನ್ನೇ ವಿಚಾರಿಸಿಕೊಂಡಳು. ಮೂಲೆಯಲ್ಲಿ ತಮಟೆ ಶುರುವಾದದ್ದೇ ಮುನಿನಾರಾಯಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎರಡು ಹೆಜ್ಜೆ ಹಾಕಿಯೂಬಿಟ್ಟಳು. ಏಕೆಂದರೆ ಆ ಹೊತ್ತು ಜಿರಾಫೆಗಳು, ದೇವರಾಣೆಗೂ, ಗೆಲ್ಲುವ ಹಾಗೆ ಆಡುತ್ತಿದ್ದರು.

ಕೊನೆಯ ಗಳಿಗೆ. ಒಂದೇ ಅಂಕ ಹಿಂದೆ. ಚೆಂಡು ಎದುರಾಳಿಯ ಕೈಯಲ್ಲಿ. ಎಲ್ಲಿದ್ದನೋ ಫರ್ಹಾನ್, ಬಗ್ಗಿ ಬಂದು ಚೆಂಡನ್ನು ಕಸಿದ. ಒಬ್ಬನನ್ನು ದಾಟಿದ, ಇನ್ನೊಬ್ಬನ ಕಂಕುಳಡಿ ನುಸುಳಿದ. ಮುಂದೆ ಯಾರೂ ಇಲ್ಲ, ಅವನು ಮತ್ತು ಬುಟ್ಟಿ. ಇಡೀ ಒಳಾಂಗಣ ಉಸಿರು ಬಿಗಿಹಿಡಿದು ಮೌನವಾಯಿತು.

ಆ ಮೌನದಲ್ಲಿ ಸೊಣ್ಣಮ್ಮ ಕುರ್ಚಿಯ ಮೇಲೆ ನಿಂತಿದ್ದಳು. ಯಾವಾಗ ಹತ್ತಿದಳೋ ಅವಳಿಗೇ ಗೊತ್ತಿಲ್ಲ. "ಅಯ್ಯೋ ನನ್ನ ಬಂಗಾರವೇ! ಏನು ಚೆಂದ ಓಡ್ತೀಯೋ ನನ್ನಪ್ಪಾ! ನಿನ್ನಂತೋನು ಲೋಕದಾಗೇ ಇಲ್ಲ ಕಣೋ!"

ಅಷ್ಟೂ ವರ್ಷ ಬಾಯಿ ಕಟ್ಟಿಕೊಂಡಿದ್ದ ಹೊಗಳಿಕೆ ಒಂದೇ ಸಲಕ್ಕೆ ಕಟ್ಟೆಯೊಡೆದು ಬಂದಿತ್ತು. ಫರ್ಹಾನ್ ನೆಗೆದು ಚೆಂಡನ್ನು ಬಿಟ್ಟ. ಅದು ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಸುತ್ತಿ, ಒಳಗೋ ಹೊರಗೋ ಎಂದು ಅನುಮಾನಿಸಿ, ಹೊರಗೆ ಬಿತ್ತು. ಸೀಟಿ ಮೊಳಗಿತು. ವರ್ಷವಿಡೀ ಒಂದೂ ಗೆಲ್ಲದೆ ಜಿರಾಫೆಗಳ ಲೀಗ್ ಮುಗಿಯಿತು. ಸೊಣ್ಣಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಕೋಣೆಗೆ ಹೋದರೆ ಫರ್ಹಾನ್ ತಲೆಯ ಮೇಲೆ ಟವೆಲ್ಲು ಹೊದ್ದುಕೊಂಡು ಮೂಲೆಯಲ್ಲಿ ಬಿಕ್ಕುತ್ತಿದ್ದ. "ನಂದೇ ತಪ್ಪು ಮಚ್ಚಾ. ಚಿಕ್ಕ ಹುಡ್ಗನೂ ಹಾಕ್ತಿದ್ದ ಅದನ್ನ" ಎಂದು ಸಿದ್ದುವಿನ ಮುಂದೆ ಹೇಳಿದ್ದನ್ನೇ ಹೇಳುತ್ತಿದ್ದ. ಭೀಮರಾಜ್ ಸೊಣ್ಣಮ್ಮನನ್ನು ಕಂಡವನೇ ಓಡಿಬಂದ.

"ಅತ್ತೆ, ನೋಡಿದ್ಯಾ? ಒಳಗೆ ಹೋಗಿದ್ದ ಚೆಂಡು ಆಚೆಗೆ ಬಂತು! ಆ ಕಡೆ ಜನದ್ದೇ ಕಣ್ಣು, ಅಲ್ವಾ? ನೀನೇ ಹೇಳ್ಬಿಡು ಎಲ್ಲರ್ಗೂ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಕೈಯಲ್ಲಿ ಊನವಿರಲಿಲ್ಲ, ಬೇರೆಯವರ ಕಣ್ಣು ಅಷ್ಟು ಕೆಟ್ಟದ್ದು ಎಂದು ಊರೆಲ್ಲ ನಂಬುತ್ತಿತ್ತು. ಸಾರಿಕೊಂಡು ಬರಲು ಮುನಿನಾರಾಯಣಮ್ಮ ಬಾಗಿಲಲ್ಲೇ ನಿಂತಿದ್ದಳು. ನಂದೇ ಕಣ್ಣು ಅಂದರೆ? ದೃಷ್ಟಿ ತೆಗೆಯುವವಳದೇ ಕೆಟ್ಟ ಕಣ್ಣು ಅಂತಾದರೆ ಇನ್ನು ಯಾವ ತಾಯಿ ಮಗುವನ್ನು ಅವಳ ಮಡಿಲಿಗೆ ಕೊಟ್ಟಾಳು? ಸೊಣ್ಣಮ್ಮ ಟವೆಲ್ಲಿನ ಕೆಳಗೆ ಅದುರುತ್ತಿದ್ದ ಆ ಭುಜವನ್ನೇ ನೋಡಿದಳು. ಆಮೇಲೆ ಹತ್ತಿರ ಹೋಗಿ ಟವೆಲ್ಲು ಎಳೆದಳು.

"ಅಳಬ್ಯಾಡ ಮಗಾ. ನಿನ್ನ ತಪ್ಪಲ್ಲ. ಆ ಕಡೆಯೋರ್ದೂ ಅಲ್ಲ. ನಂದೇ ಕಣ್ಣು ಬಿದ್ದಿದ್ದು."

ಮುನಿನಾರಾಯಣಮ್ಮ ಬಾಗಿಲಿಂದಲೇ, "ಸೊಣ್ಣಿ, ಏನೇ ಅಂತಿದ್ದೀಯ? ಇನ್ನು ನಿನ್ನ ಯಾರೇ ಕರೀತಾರೆ?" ಎಂದಳು.

"ಕರೀದಿದ್ರೆ ಬಿಡ್ಲಿ. ಎಲ್ಲಾರೂ ಅಬ್ಬಿಗೆರೇಗೇ ಓಗ್ಲಿ. ಇವನು ಅಂಗಾಡಿದ್ರೆ ನಾನು ಬಾಯಿ ಮುಚ್ಕೊಂಡು ಕೂರಾಕಾಯ್ತದಾ?"

ಫರ್ಹಾನ್ ಕೆಂಪು ಕಣ್ಣು ಎತ್ತಿ ನೋಡಿದ. "ನಿಜ್ವಾಗ್ಲೂ ಅಷ್ಟು ಚೆನ್ನಾಗಿ ಆಡಿದ್ನಾ ಅಜ್ಜಿ?"

"ಆಡ್ದೆ ಕಣೋ. ಇಲ್ದಿದ್ರೆ ಹೆತ್ತ ಮಗನ ಮೇಲೂ ಬೀಳ್ದಿರೋ ಕಣ್ಣು ನಿನ್ನ ಮೇಲೆ ಬೀಳ್ತಿತ್ತಾ?"

ಅಷ್ಟು ಕೇಳಿದ್ದೇ ಸಿದ್ದು ಬೆಂಚಿನ ಮೇಲೆ ಹಾರಿ ನಿಂತ. "ಲೋ, ಕೇಳಿಸ್ತೇನ್ರೋ? ನಮಗೂ ದೃಷ್ಟಿ ಆಯ್ತು ಕಣ್ರೋ! ನಮಗೂ!" ಎಂದು ಕೂಗಿದ. ಕೋಣೆಯಲ್ಲಿ ಅದೇನು ಕೇಕೆ, ಅದೇನು ಶಿಳ್ಳೆ! ಪಕ್ಕದ ಕೋಣೆಯಲ್ಲಿ ಗೆದ್ದ ತಂಡದವರು, ಸೋತವರಿಗೇನು ಬಂತು ಕೇಡು ಎಂದು ಇಣುಕಿ ನೋಡಿದರು. ಇವರು ಸೊಣ್ಣಮ್ಮನನ್ನು ಅನಾಮತ್ತು ಭುಜದ ಮೇಲೆ ಎತ್ತಿಕೊಂಡು ಕುಣಿದರು. "ಇಳಿಸ್ರೋ, ಫ್ಯಾನು ತಲೆಗೆ ಹೊಡೀತದೆ!" ಎಂದು ಅವಳು ಕಿರುಚುತ್ತ, ನಗುತ್ತ, ಸಿಕ್ಕಿದವರ ತಲೆಗೂದಲು ಹಿಡಿದುಕೊಂಡಳು. "ಅಜ್ಜಿ, ನನ್ ಮೇಲೂ ಸ್ವಲ್ಪ ಬಿತ್ತಾ ಕಣ್ಣು?" ಎಂದು ಸಿದ್ದು ಕೇಳಿದ. "ನನ್ ಮೇಲೆ?" ಎಂದು ಇನ್ನೊಬ್ಬ. ಕೋಚ್ ಕೂಡ ಪಕ್ಕಕ್ಕೆ ಬಂದು ನಿಂತರು. ಸೊಣ್ಣಮ್ಮ ಒಬ್ಬನನ್ನೂ ಬಿಡದೆ ಬಾಯ್ತುಂಬ ಹೊಗಳಿದಳು. ರೂಢಿಯಿಲ್ಲದ ಬಾಯಿ, ನಡುನಡುವೆ ಕೋತಿ ಎಂದೂ ಬರುತ್ತಿತ್ತು. ಮುನಿನಾರಾಯಣಮ್ಮ ಬಾಗಿಲಲ್ಲೇ ನಿಂತು ಮೂಗೊರೆಸಿಕೊಂಡಳು.

ಕೆಳಗಿಳಿಸಿದ ಮೇಲೆ ಸೊಣ್ಣಮ್ಮನ ಕೈ ತಾನಾಗಿ ಚೀಲಕ್ಕೆ ಹೋಯಿತು. ಉಳಿದಿದ್ದ ಉಪ್ಪು ಮೆಣಸಿನಕಾಯಿಯನ್ನು ಮುಷ್ಟಿಗೆ ತೆಗೆದುಕೊಂಡಳು.

"ಕೂತ್ಕೋ ಮಗಾ. ಆಕಿದ್ದು ನಾನೇ, ತೆಗೆಯಾದೂ ನಾನೇ."

ಫರ್ಹಾನ್ ಕೂರಲಿಲ್ಲ. ಅವಳ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದ.

"ಬೇಡ ಅಜ್ಜಿ, ತೆಗೀಬೇಡಿ. ವರ್ಷವೆಲ್ಲಾ ಆಡಿ ನಮಗೆ ಸಿಕ್ಕಿದ್ದು ಇದೊಂದೇ" ಎಂದ. "ಇರ್ಲಿ ಬಿಡಿ."