ನಾನು ಬಿದ್ದ ದಾರಿಯಲ್ಲಿ ಯಾರೂ ನಡೆಯುವುದಿಲ್ಲ

ನಾನು ಇವತ್ತು ಬದುಕಿ ಕೂತು ಈ ಅಂಕಣ ಬರೆಯುತ್ತಿರುವುದು ಒಂದು ಹೋಟೆಲಿನ ಮುಸುರೆ ಪೈಪಿನ ಕೃಪೆಯಿಂದ.

ಹೋದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿ ಮೂರು ಜನ ಕಾರ್ಡು ಬರೆದಿದ್ದೀರಿ. (ಮೂರೇ ಜನ!) ನೀರಿಗೆ ಬಿದ್ದಿದ್ದೆ, ಅದಕ್ಕೆ. ಈಗಲೂ ಪೂರ್ತಿ ಮೇಲೆ ಬಂದಿಲ್ಲ. ಬಚ್ಚಲಲ್ಲಿ ಬಕೆಟ್ ನೀರು ಸುರಿದ ಸದ್ದಾದರೆ ಸಾಕು, ಕುರ್ಚಿಯಲ್ಲಿ ಕೂತಿದ್ದರೂ ನನ್ನ ಬಲಗಾಲು ನೆಲ ಹುಡುಕುತ್ತದೆ.

ಪೀಣ್ಯದ ಕಾರ್ಖಾನೆ ಶೆಡ್ಡುಗಳ ಪಕ್ಕದಲ್ಲಿ ನಮ್ಮ ಬಡಾವಣೆ. ಅದರ ಕೊನೆಯಲ್ಲಿ ನಂಜಪ್ಪನವರ ಹೋಟೆಲು. ಹೋಟೆಲಿನ ಬೆನ್ನಿಗೆ ಮಳೆನೀರಿನ ಕಾಲುವೆ. ಕಾಲುವೆಯ ಆಚೆ ದಡದಲ್ಲಿ ಶಾಲೆ. ನನ್ನ ಮಗಳು ಸುಮಾ ಅಲ್ಲಿ ಮೂರನೇ ಕ್ಲಾಸು. ದಾಟುವುದಕ್ಕೆ ಹೋಟೆಲಿನ ಪಕ್ಕದ ಓಣಿಯ ತುದಿಯಲ್ಲಿ ಎರಡು ಕಲ್ಲು ಚಪ್ಪಡಿ ಹಾಕಿದೆ. ಯಾವ ಕಾಲದ್ದೋ, ಯಾರು ಹಾಕಿದ್ದೋ ಗೊತ್ತಿಲ್ಲ. ಬಡಾವಣೆಯ ಮಕ್ಕಳೆಲ್ಲ ಅದರ ಮೇಲೇ ಹೋಗಿಬರುತ್ತವೆ.

ಚಪ್ಪಡಿ ಬೇಡ ಎಂದರೆ ಮೇನ್ ರೋಡಿಗೆ ಹೋಗಿ, ದೊಡ್ಡ ಸೇತುವೆ ದಾಟಿ, ಸುತ್ತಿ ಬರಬೇಕು. ಆ ರೋಡಿನಲ್ಲಿ ಕಬ್ಬಿಣದ ಸರಳು ಹೇರಿಕೊಂಡ ಲಾರಿಗಳು ಓಡುತ್ತವೆ. ಸರಳುಗಳು ಲಾರಿಗಿಂತ ಆರು ಅಡಿ ಉದ್ದ. ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿರುತ್ತಾರೆ. ಎಂಟು ವರ್ಷದ ಮಗುವನ್ನು ಆ ಕೆಂಪು ಬಟ್ಟೆಯನ್ನು ನಂಬಿ ಕಳಿಸುವವರು ಯಾರು?

ಮಂಗಳವಾರ ಸಂಜೆ ನಾಲ್ಕಕ್ಕೆ ಮಳೆ ಬಂತು. ನನಗೆ ಅವತ್ತು ವಾರದ ರಜೆ. ಛತ್ರಿ ಹಿಡಿದು ಮಗಳನ್ನು ಕರೆತರಲು ಹೊರಟೆ. ಕಾಲುವೆ ಆಗಲೇ ತುಂಬಿ, ಚಪ್ಪಡಿಯ ಮೇಲೆ ನೀರು ಹರಿಯುತ್ತಿತ್ತು. ಪಾದ ಮುಳುಗುವಷ್ಟು, ಅಷ್ಟೆ. ನೀರಿನ ಮೇಲೆ ಕಾರ್ಖಾನೆಗಳ ಎಣ್ಣೆ, ನೊರೆ. ಆಚೆ ದಡದಲ್ಲಿ ಶಾಲೆಯ ಗೇಟಿನ ಹತ್ತಿರ ಸುಮಾ ಚೀಲವನ್ನು ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ನಾನು ಅವಳಿಗೆ ಕೈ ಬೀಸಿದೆ. ಬಲಗಾಲಿಟ್ಟೆ, ಮೊದಲ ಚಪ್ಪಡಿ ಸಿಕ್ಕಿತು. ಎಡಗಾಲಿಟ್ಟೆ, ಅದೇ ಚಪ್ಪಡಿ. ಮತ್ತೆ ಬಲಗಾಲಿಟ್ಟೆ.

ಎರಡನೇ ಚಪ್ಪಡಿ ಅಲ್ಲಿರಲಿಲ್ಲ.

ಈ ಒಂದು ಹೆಜ್ಜೆಯನ್ನು ನಾನು ಹದಿನಾಲ್ಕು ದಿನದಿಂದ ಇಡುತ್ತಲೇ ಇದ್ದೇನೆ. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಆಫೀಸಿನಲ್ಲಿ ಫೈಲು ತೆರೆದಾಗ. ಪ್ರತಿ ಸಲವೂ ಕಲ್ಲು ಇರುವುದಿಲ್ಲ.

ಎದೆಮಟ್ಟ ನೀರು. ಕಾಲು ಊರಲು ಬಿಡಲಿಲ್ಲ. ಹೋಟೆಲಿನ ಹಿಂದಿನ ಗೋಡೆಯ ಉದ್ದಕ್ಕೂ ನನ್ನನ್ನು ಉಜ್ಜಿಕೊಂಡು ಹೋಯಿತು. ಆಗ ಕೈಗೆ ಸಿಕ್ಕಿದ್ದು ಗೋಡೆಯಿಂದ ಮೊಳದುದ್ದ ಹೊರಗೆ ಚಾಚಿಕೊಂಡಿದ್ದ ಕಬ್ಬಿಣದ ಪೈಪು. ಹೋಟೆಲಿನವರು ಪಾತ್ರೆ ತೊಳೆದ ನೀರನ್ನು ಕಾಲುವೆಗೆ ಬಿಡಲು ಹಾಕಿಸಿದ್ದು. ಎರಡೂ ಕೈಯಲ್ಲಿ ತಬ್ಬಿಕೊಂಡೆ. ಅದೇ ಸಮಯಕ್ಕೆ ಒಳಗೆ ಯಾರೋ ಸಾಂಬಾರಿನ ಪಾತ್ರೆ ತೊಳೆದರು. (ನುಗ್ಗೇಕಾಯಿ. ನನ್ನ ನೆನಪಿನ ಬಗ್ಗೆ ಯಾರಿಗೂ ಅನುಮಾನ ಬೇಡ.)

ಕೂಗಿದೆ. ಮೇಲಿನ ಕಿಟಕಿಯಿಂದ ಅಡುಗೆ ಭಟ್ಟರ ತಲೆ ಹೊರಗೆ ಬಂತು.

"ಯಾರದು?"

"ನಾನು!"

"ನಾನು ಅಂದ್ರೆ ಯಾರು? ಅಲ್ಲಿ ಎಂತ ಮಾಡ್ತಿದ್ದೀರಿ ಮಾರಾಯ್ರೆ?"

ಅವರು ಬಾವಿ ಹಗ್ಗ ತಂದು ಎಸೆದರು. ಇನ್ನಿಬ್ಬರು ಸೇರಿ ಎಳೆದರು. ಹಿತ್ತಿಲ ಬಾಗಿಲಿನಿಂದ ನಾನು ಹೋಟೆಲಿನೊಳಗೆ ಬಂದೆ, ಛತ್ರಿ ಇಲ್ಲದೆ, ಒಂದೇ ಚಪ್ಪಲಿಯಲ್ಲಿ. ನಂಜಪ್ಪನವರು ಗಲ್ಲಾ ಬಿಟ್ಟು ಓಡಿ ಬಂದರು. ತಮ್ಮ ಟವೆಲನ್ನೇ ಹೊದಿಸಿದರು, ಬಿಸಿ ಕಾಫಿ ಕೊಟ್ಟರು. ಆಳನ್ನು ಮೇನ್ ರೋಡಿನಲ್ಲಿ ಸುತ್ತಿ ಕಳಿಸಿ ಸುಮಾಳನ್ನು ಕರೆಸಿದರು. ಅವಳು ಬಂದು ನನ್ನ ಅಂಗಿಯ ತುದಿ ಹಿಡಿದುಕೊಂಡವಳು ಮನೆ ಸೇರುವ ತನಕ ಬಿಡಲಿಲ್ಲ.

ನಂಜಪ್ಪನವರು ಈ ಊರಿನ ಮೂಲದವರು. ಈಗ ಶೆಡ್ಡುಗಳಿರುವ ಕಡೆ ಒಂದು ಕಾಲದಲ್ಲಿ ಅವರ ರಾಗಿ ಹೊಲ. ಅವರೇ ಅವತ್ತು ಹೇಳಿದರು: "ಇದು ಕೆರೆ ಕೋಡಿ ನೀರು ಸಾರ್. ನಮ್ಮಪ್ಪನ ಕಾಲ್ದಾಗೆ ಈ ಕಾಲುವೆ ಒಳಗೆ ಎತ್ತಿನ ಗಾಡಿ ತಿರುಗಿಸ್ಬೋದಿತ್ತು. ಈಗ ನೋಡಿ, ಇಂಗೆ ಸಣ್ಕಂಡದೆ."

ಕಾಲುವೆ ಸಣ್ಣಗಾಗಿರುವುದು ಅವರ ಹೋಟೆಲಿನ ಹಿಂದಿನ ಗೋಡೆ ಅದರೊಳಗೆ ನಾಲ್ಕು ಅಡಿ ಇಳಿದಿರುವುದರಿಂದ. ಆದರೆ ಕೈಯಲ್ಲಿ ಅವರ ಕಾಫಿ, ಮೈಮೇಲೆ ಅವರ ಟವೆಲು. ಹೇಗೆ ಹೇಳುವುದು?

ಮನೆಗೆ ಬಂದು ನಡೆದದ್ದೆಲ್ಲ ಹೇಳಿದೆ. ನನ್ನ ಹೆಂಡತಿ ಪೂರ್ತಿ ಕೇಳಿ, ಕಣ್ಣೊರೆಸಿಕೊಂಡು, "ಪೈಪು ಹಿಡ್ಕೊಂಡ್ರಿ ಸರಿ. ಛತ್ರೀನೂ ಹಿಡ್ಕೋಬಾರ್ದಿತ್ತಾ?" ಎಂದಳು.

ಅವತ್ತೇ ಅರ್ಜಿ ಬರೆಯಲು ಕೂತೆ. ಬಡಾವಣೆಯಲ್ಲಿ ಬಿ.ಎ. ಮಾಡಿದವನು ಎಂದು ಎಲ್ಲರ ಅರ್ಜಿಯನ್ನೂ ನಾನೇ ಬರೆಯುವುದು ವಾಡಿಕೆ. ಅರ್ಜಿ ಬರೆಯುವವರಿಗೆ ಒಂದು ಚಟವಿರುತ್ತದೆ. ಇದ್ದದ್ದನ್ನು ಇದ್ದಷ್ಟೇ ಬರೆದರೆ ಸರಕಾರಕ್ಕೆ ಕೇಳಿಸುವುದಿಲ್ಲ ಎಂದು ನಂಬಿರುತ್ತೇವೆ. "ಕೆಲವರಿಗೆ ತೊಂದರೆಯಾಗಿದೆ" ಎಂದು ಯಾರಾದರೂ ಬರೆಯುತ್ತಾರೆಯೇ? "ಸಮಸ್ತ ನಾಗರಿಕರು ಹೇಳಲಾರದ ಸಂಕಷ್ಟಕ್ಕೀಡಾಗಿದ್ದಾರೆ" ಎಂದೇ ಬರೆಯುವುದು. ನಾನೂ ಬರೆದೆ: "ಸದರಿ ಚಪ್ಪಡಿಯ ದಾರಿಯಲ್ಲಿ ಒಂದು ನರಪಿಳ್ಳೆಯೂ ನಡೆದಾಡದಂಥ ಪರಿಸ್ಥಿತಿ ಉಂಟಾಗಿದೆಯೆಂದು ತಮ್ಮ ಅವಗಾಹನೆಗೆ ತರಬಯಸುತ್ತೇವೆ." ಓದಿಕೊಂಡರೆ ನನಗೇ ರೋಮಾಂಚನವಾಯಿತು.

ಕೆಳಗೆ ಮೂರು ಬೇಡಿಕೆ. ಒಂದು, ಚಪ್ಪಡಿ ತೆಗೆದು ಸೇತುವೆ ಕಟ್ಟಿಸಬೇಕು. ಎರಡು, ಕಾಲುವೆ ಅಗಲ ಮಾಡಿಸಬೇಕು. ಎರಡೇ ಬೇಡಿಕೆ ಬರೆದರೆ ಅರ್ಜಿ ಬೋಳು ಬೋಳಾಗಿ ಕಾಣುತ್ತದಲ್ಲ, ಅದಕ್ಕೆ ಮೂರನೆಯದನ್ನೂ ಸೇರಿಸಿದೆ: ಕಾಲುವೆಗೆ ಬಿಟ್ಟಿರುವ ಹೋಟೆಲಿನ ಮುಸುರೆ ಪೈಪನ್ನು ತೆಗೆಸಬೇಕು. (ನಾಚಿಕೆಯಾಯಿತು. ಆದರೂ ಬರೆದೆ.) ನಲವತ್ತೆರಡು ಸಹಿ ಬಿತ್ತು.

ನಿನ್ನೆ, ಸೋಮವಾರ ಮಧ್ಯಾಹ್ನ, ನಮ್ಮ ಪುರಸಭೆಯ ಮೀಟಿಂಗು. ಅರ್ಧ ದಿನ ರಜೆ ಹಾಕಿ ಸಾರ್ವಜನಿಕರ ಬೆಂಚಿನಲ್ಲಿ ಕೂತೆ. ನಮ್ಮ ಅರ್ಜಿಗಿಂತ ಮೊದಲಿನ ವಿಷಯ ನಂಜಪ್ಪನವರದು. ಹೋಟೆಲಿನಲ್ಲಿ ಊಟದ ಜೊತೆ ಬೀರು, ಬ್ರಾಂದಿ ಮಾರಲು ಲೈಸೆನ್ಸ್ ಬೇಕು. ಅದಕ್ಕೆ ಪುರಸಭೆ ತನ್ನ ತಕರಾರಿಲ್ಲ ಎಂದು ಪತ್ರ ಕೊಡಬೇಕು.

ಕೊಡಲಿ, ನನಗೇನು? ಫ್ಯಾಕ್ಟರಿಯಲ್ಲಿ ಎಂಟು ಗಂಟೆ ಮೆಷೀನಿನ ಮುಂದೆ ನಿಂತವನು ಸಂಜೆ ಒಂದು ಗ್ಲಾಸು ಕುಡಿದರೆ ನನಗೆ ತಕರಾರಿಲ್ಲ. ಒಬ್ಬ ಸದಸ್ಯರಿಗೆ ಇತ್ತು. ಅವರು ಎದ್ದು ನಿಂತರು.

"ಸ್ಕೂಲಿಂದ ನೂರು ಮೀಟರ್ ಒಳಗೆ ಬಾರ್ ಇರೋಹಾಗಿಲ್ಲ ಅಂತ ರೂಲ್ಸ್ ಇದೆ. ಎಷ್ಟು ದೂರ ಇದೆ ಅಂತ ಓವರ್‌ಸಿಯರ್ ಹೇಳ್ಲಿ."

ಓವರ್‌ಸಿಯರ್ ಕಾಗದ ನೋಡಿಕೊಂಡರು. "ಟೇಪ್ ಹಿಡಿದು ಅಳೆದಿದೀನಿ ಸಾರ್. ಹೋಟೆಲ್ ಬಾಗಿಲಿಂದ ಸ್ಕೂಲ್ ಗೇಟಿಗೆ, ಚಪ್ಪಡಿ ಮೇಲೆ ಹೋದ್ರೆ, ಐವತ್ತೆಂಟು ಮೀಟರ್."

"ಮುಗೀತಲ್ಲ!" ಎಂದರು ಸದಸ್ಯರು. ಬಾಗಿಲ ಬಳಿ ನಿಂತಿದ್ದ ನಂಜಪ್ಪನವರ ಮುಖ ಬಿದ್ದುಹೋಯಿತು.

"ಇಲ್ಲ ಸಾರ್, ಮುಗೀಲಿಲ್ಲ," ಎಂದರು ಓವರ್‌ಸಿಯರ್. "ದೂರ ಅಳೆಯೋದು ಜನ ಸಾಮಾನ್ಯವಾಗಿ ನಡೆದಾಡೋ ದಾರೀಲಿ ಅಂತ ಅದೇ ರೂಲ್ಸ್ ಹೇಳುತ್ತೆ. ಚಪ್ಪಡಿ ದಾರೀಲಿ ಜನ ನಡೆಯೋದಿಲ್ಲ. ಮೇನ್ ರೋಡಲ್ಲಿ ಸುತ್ತಿ ಹೋದ್ರೆ ಮುನ್ನೂರು ಮೀಟರ್ ಮೇಲಾಗುತ್ತೆ."

"ನಡೆಯೋದಿಲ್ಲ ಅಂತ ಯಾರ್ರೀ ಹೇಳಿದ್ದು?"

"ಬಡಾವಣೆಯವರೇ ಬರೆದು ಕೊಟ್ಟಿದಾರೆ. ನಲವತ್ತೆರಡು ಸಹಿ ಇದೆ." ಎಂದವರು ನನ್ನ ಅರ್ಜಿ ತೆಗೆದು ಗಟ್ಟಿಯಾಗಿ ಓದಿದರು: "ಒಂದು ನರಪಿಳ್ಳೆಯೂ ನಡೆದಾಡದಂಥ..."

ನನ್ನ ವಾಕ್ಯವನ್ನು ಇಷ್ಟು ಭಾವಪೂರ್ಣವಾಗಿ ಇದುವರೆಗೆ ಯಾರೂ ಓದಿರಲಿಲ್ಲ.

ನಾನು ಬೆಂಚಿನಿಂದ ಎದ್ದೆ. "ಸ್ವಾಮಿ, ಜನ ನಡೆಯುತ್ತಾರೆ. ಮಳೆಯಿಲ್ಲದಾಗ ಮಕ್ಕಳು ಈಗಲೂ ಅಲ್ಲೇ ನಡೆಯುತ್ತವೆ, ಉಳಿದ ಚಪ್ಪಡಿಯಿಂದ ಆಚೆಗೆ ಹಾರಿ. ನಾನೇ ನಡೆಯುತ್ತಿದ್ದೆ, ಅಲ್ಲೇ ಬಿದ್ದೆ!"

ಅಧ್ಯಕ್ಷರು ಕನ್ನಡಕ ತೆಗೆದರು. "ರಾಯರೇ, ಕೂತ್ಕೊಂಡೇ ಮಾತಾಡಿ, ಪರವಾಗಿಲ್ಲ. ನೀವು ಆಚೆ ದಡ ಮುಟ್ಟಿದ್ರಾ?"

"ಇಲ್ಲ."

"ಎಷ್ಟು ಹೆಜ್ಜೆ ನಡೆದ್ರಿ?"

"ಎರಡು."

"ಎರಡು ಹೆಜ್ಜೆ ಇಟ್ಟು ನೀರಿಗೆ ಬಿದ್ರೆ ಅದನ್ನ ನಡೆದಾಡೋ ದಾರಿ ಅಂತ ಹೇಗ್ರೀ ಬರೆಸ್ಲಿ? ಈ ಅರ್ಜಿ ನಿಮ್ಮದೇ ತಾನೆ?"

"ನನ್ನದೇ."

"ಆಗ ಬರೆದಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

ಏನು ಹೇಳುತ್ತೀರಿ? ಮಕ್ಕಳು ನಡೆಯುತ್ತವೆ ಎಂದರೆ, ದಾರಿ ಚೆನ್ನಾಗಿದೆ, ಸೇತುವೆ ಯಾಕೆ ಎನ್ನುತ್ತಾರೆ. ನಡೆಯುವುದಿಲ್ಲ ಎಂದರೆ, ಯಾರೂ ನಡೆಯದ ಕಡೆ ಸೇತುವೆ ಯಾಕೆ ಎನ್ನುತ್ತಾರೆ. ನನ್ನ ಬಿ.ಎ.ಯಲ್ಲಿ ಒಂದು ವರ್ಷ ತರ್ಕಶಾಸ್ತ್ರವಿತ್ತು. ಇಂಥಾದ್ದೇನೂ ಅಲ್ಲಿ ಹೇಳಿಕೊಟ್ಟಿರಲಿಲ್ಲ.

ನಂಜಪ್ಪನವರಿಗೆ ಪತ್ರ ಮಂಜೂರಾಯಿತು.

ಮುಂದಿನ ವಿಷಯ ನಮ್ಮ ಅರ್ಜಿ. ಈಗ ಓವರ್‌ಸಿಯರ್ ಇನ್ನೊಂದು ಅಂಶ ಕಂಡುಹಿಡಿದರು. "ಸೇತುವೆ ಕಟ್ಟಿದ್ರೆ ಜನ ನಡೀತಾರೆ ಸಾರ್. ಜನ ನಡೆದ್ರೆ ಐವತ್ತೆಂಟು ಮೀಟರ್ ಆಗೋಗುತ್ತೆ. ಈಗ ತಾನೇ ಕೊಟ್ಟ ಪತ್ರ ವಾಪಸ್ ತಗೋಬೇಕಾಗುತ್ತೆ."

ಅಧ್ಯಕ್ಷರು ಗಾಬರಿಯಾದರು. "ಒಂದೇ ಮೀಟಿಂಗಲ್ಲಿ ಕೊಟ್ಟು ಕಿತ್ಕೊಳ್ಳೋದಾ? ಮರ್ಯಾದೆ ಇರುತ್ತೇನ್ರೀ?"

"ಕಾಲುವೆ ಅಗಲ ಮಾಡೋದು?" ಎಂದು ಒಬ್ಬ ಸದಸ್ಯರು ಕೇಳಿದರು.

"ನೀರು ಕಮ್ಮಿ ಆದ್ರೆ ಚಪ್ಪಡಿ ಮೇಲೇ ನಡೀತಾರೆ ಸಾರ್. ಆಗ್ಲೂ ಅದೇ ಐವತ್ತೆಂಟು."

ಬಾರ್ ಉಳಿಯಬೇಕಾದರೆ ನೀರು ಉಳಿಯಬೇಕು. ಇಷ್ಟು ಸರಳವಾದ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬದಲಿಗೆ "ಹೆಚ್ಚಿನ ಪರಿಶೀಲನೆಗಾಗಿ ಮುಂದೂಡಲಾಗಿದೆ" ಎಂದು ಬರೆಸಿದರು. ಮುಂದೂಡಿದ್ದು ನಮ್ಮ ಅರ್ಜಿಯನ್ನು. ಮಳೆಯನ್ನಲ್ಲ.

ಆದರೆ ಪುರಸಭೆ ನಮ್ಮನ್ನು ಬರಿಗೈಯಲ್ಲಿ ಕಳಿಸಿತು ಎಂದರೆ ತಪ್ಪಾಗುತ್ತದೆ. ಅಧ್ಯಕ್ಷರೇ ಹೇಳಿದರು: "ಪಾಪ, ನಲವತ್ತೆರಡು ಜನ ಸಹಿ ಹಾಕಿದಾರೆ. ಒಂದಾದ್ರೂ ಬೇಡಿಕೆ ಈಡೇರಿಸೋಣ." ಮೂರನೆಯದನ್ನು ಸರ್ವಾನುಮತದಿಂದ ಒಪ್ಪಿದರು.

ಇವತ್ತು ಬೆಳಿಗ್ಗೆ ಎಂಟಕ್ಕೇ ಇಬ್ಬರು ಬಂದು ಪೈಪು ಕಿತ್ತುಕೊಂಡು ಹೋದರು. ಪುರಸಭೆ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಮೊದಲ ಸಲ ನೋಡಿದೆ. ಈಗ ಆ ಗೋಡೆ ನುಣ್ಣಗಿದೆ. ಆ ಕಡೆಯಿಂದ ಈ ಕಡೆಯವರೆಗೆ ಹಿಡಿದುಕೊಳ್ಳಲು ಏನೂ ಇಲ್ಲ.

ನೋಡುತ್ತಾ ನಿಂತಿದ್ದೆ. ನಂಜಪ್ಪನವರು ಪಕ್ಕಕ್ಕೆ ಬಂದರು. ಪೈಪಿನ ಬಗ್ಗೆ ಸಿಟ್ಟೇನೂ ಇರಲಿಲ್ಲ.

"ಬೇಜಾರ್ ಮಾಡ್ಕೋಬೇಡಿ ಸಾರ್. ನೀವು ಬರ್ದಿದ್ಕೇ ನನಗೆ ಲೈಸೆನ್ಸ್ ಸಿಗ್ತಾ ಇರೋದು. ನಾನು ಮರೆಯೋನಲ್ಲ. ಒಂದು ಸೇತುವೆ ನಾನೇ ಆಕಿಸ್ತಾ ಇವ್ನಿ. ಕಬ್ಬಿಣದ್ದು, ಎರಡು ಕಡೆ ಕಂಬಿ. ಇತ್ಲು ಬಾಗಿಲಿಂದ ನೇರ ಆಚೆ ದಡಕ್ಕೆ. ಆ ಕಡೆ ಶೆಡ್ಡಿನ ಉಡುಗ್ರು ಸಂಜೆ ಕುಡ್ಯಕ್ಕೆ ಬರ್ತಾರಲ್ಲ, ನೀರ್ನಾಗೆ ಬಿದ್ಗಿದ್ದಾರು."

ನನಗೆ ಎದೆ ತುಂಬಿ ಬಂತು. "ಒಳ್ಳೇದಾಯ್ತು ನಂಜಪ್ಪನವರೇ. ಮಕ್ಕಳೂ ಅದರ ಮೇಲೇ ಶಾಲೆಗೆ ಹೋಗಬಹುದು."

ಅವರು ಕತ್ತು ಬಗ್ಗಿಸಿದರು. ನಿಜವಾಗಿಯೂ ಸಂಕಟಪಟ್ಟರು, ಸುಳ್ಳು ಹೇಳಬಾರದು. "ಅದೊಂದು ಆಗಕ್ಕಿಲ್ಲ ಸಾರ್. ಎಲ್ರನೂ ಬಿಟ್ರೆ ಅದು ಜನ ನಡೆಯೋ ದಾರಿ ಆಗೋಯ್ತದೆ. ಆಮ್ಯಾಕೆ ಲೈಸೆನ್ಸ್ ಓಯ್ತದೆ. ಓವರ್‌ಸಿಯರು ಬಿಡಿಸಿ ಏಳವ್ರೆ, ಗಿರಾಕಿಗಳಿಗೆ ಮಾತ್ರ ಅಂತ ಬೋರ್ಡ್ ಆಕ್ಬೇಕಂತೆ."

ಹಿಂದಿನಿಂದ ಅಡುಗೆ ಭಟ್ಟರು ಸೌಟು ಹಿಡಿದೇ ಬಂದರು. "ಬ್ರಾಂದಿ ಬಂದ ದಿನ ನಾನು ಊರಿಗೆ ಹೋಗುವುದೇ. ಮತ್ತೆ ಬಿದ್ದರೆ ಹಗ್ಗ ಬಾವಿ ಹತ್ರ ಉಂಟು, ಯಾರಿಗಾದ್ರೂ ಹೇಳಿ ಮಾರಾಯ್ರೆ," ಎಂದು ಒಳಗೆ ಹೋದರು.

ಇದನ್ನು ಬರೆಯುತ್ತಿರುವಾಗ ಮಧ್ಯಾಹ್ನ ಮೂರೂವರೆ. ಶೆಡ್ಡುಗಳ ಮೇಲೆ ಮೋಡ ಕಪ್ಪಾಗುತ್ತಿದೆ. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಒಂದು ದಿಕ್ಕಿನಲ್ಲಿ ಕೆಂಪು ಬಟ್ಟೆ ಕಟ್ಟಿದ ಸರಳುಗಳು, ಇನ್ನೊಂದು ದಿಕ್ಕಿನಲ್ಲಿ ಒಂದೇ ಚಪ್ಪಡಿ. ಲಾರಿಗಳ ದಾರಿಯಲ್ಲೇ ಹೋಗಿ, ಸುಮಾಳ ಕೈ ಗಟ್ಟಿಯಾಗಿ ಹಿಡಿದು ಕರೆತರುತ್ತೇನೆ. ಇವತ್ತು ನನ್ನ ವಾರದ ರಜೆ, ನಾಳೆಯಿಂದ ಮತ್ತೆ ಆಫೀಸು. ಅವಳ ಕೈ ಹಿಡಿಯಲು ನಾನಿರುವುದಿಲ್ಲ.

ಕಬ್ಬಿಣದ ಸೇತುವೆ ಇನ್ನೊಂದು ತಿಂಗಳಲ್ಲಿ ಆಗುತ್ತದಂತೆ. ನಿಮ್ಮಲ್ಲಿ ರೂಲ್ಸು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ: ಎಂಟು ವರ್ಷದ ಹುಡುಗಿ ಬಾರಿನ ಗಿರಾಕಿ ಎನಿಸಿಕೊಳ್ಳಬೇಕಾದರೆ ಏನನ್ನು ಆರ್ಡರ್ ಮಾಡಬೇಕು?