ಬಾಗಿಲಲ್ಲಿ ನಿಲ್ಲುವವರ ಎತ್ತರ

ಭಾನುವಾರ, ಮಧ್ಯಾಹ್ನ. ಚನ್ನಪಟ್ಟಣ, ಪಕ್ಕದ ಮನೆಯ ಪುಟ್ಟಸ್ವಾಮಣ್ಣನವರ ಬೊಂಬೆ ಕಾರ್ಖಾನೆ.

ಗೆಳೆಯರೇ, ತಪ್ಪು ನನ್ನದೇ. ಬೆಟ್ಟದ ಮೇಲಿನ ನೂರು ವರ್ಷದ ಹೋಟೆಲೊಂದು ತನ್ನಲ್ಲಿ ತಂಗಿಹೋದ, ಮಹಾರಾಣಿಯೊಬ್ಬರೂ ಸೇರಿದಂತೆ, ಎಂಟು ಗಣ್ಯರ ಮರದ ಬೊಂಬೆಗಳನ್ನು ಪುಟ್ಟಸ್ವಾಮಣ್ಣನವರಿಂದ ಮಾಡಿಸಿತ್ತು. ಒಂಬತ್ತನೆಯದು, ಬಾಗಿಲಲ್ಲಿ ಸಲಾಂ ಹೊಡೆಯುವವರದು. "ಅವ್ರು ಹೆಂಗಿರ್ತಾರೆ?" ಎಂದು ಪುಟ್ಟಸ್ವಾಮಣ್ಣ ಕೇಳಿದಾಗ, "ಎಲ್ಲರಿಗಿಂತ ಎತ್ತರ" ಎಂದಿದ್ದೆ. ಅನುವಾದಿತ ಕಾದಂಬರಿಗಳಲ್ಲಿ ಹಾಗೆಯೇ ಇರುತ್ತಾರೆ. ಅಂಥ ಹೋಟೆಲಿನೊಳಗೆ ನಾನು ಕಾಲಿಟ್ಟಿಲ್ಲ.

ಇಂದು ಬಂದ ಹೋಟೆಲ್ ಮ್ಯಾನೇಜರ್ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಸಿಡುಕಿದರು. "ಮಹಾರಾಣಿ ಇವನ ಸೊಂಟಕ್ಕೆ ಬರ್ತಾರಲ್ರೀ! ಈ ಸೆಟ್ಟೇ ಬೇಡ."

ಪುಟ್ಟಸ್ವಾಮಣ್ಣನವರ ಒಂದು ತಿಂಗಳ ಕೆಲಸವದು. "ಈ ಮೇಡಮ್ಮೋರು ಓದ್ಕಂಡವ್ರೆ, ಅವ್ರನ್ನೇ ಕೇಳಿ ಸಾರ್" ಎಂದರು. ಆ ಎತ್ತರ ಹೇಳಿದ್ದು ನಾನೇ ಎಂದು ಒಪ್ಪಿಕೊಂಡೆ.

"ಬಾಗಿಲಲ್ಲಿ ನಿಲ್ಲೋ ನಮ್ಮ ಮಾದಪ್ಪ ಐದಡಿಯೂ ಇಲ್ಲ ಮೇಡಂ" ಎಂದ ಮ್ಯಾನೇಜರ್, ನಂಬಿಸಲು ವಿಡಿಯೊ ಕಾಲ್ ಮಾಡಿದರು. ದೊಡ್ಡ ಪೇಟದ ಕೆಳಗೆ ಪುಟ್ಟ ಮುಖ ಕಾಣಿಸಿತು. ಮಾತಾಡಿಸಿದರೆ, ಇಲ್ಲೇ ಹತ್ತಿರದ, ನಮ್ಮ ಕೂಟಗಲ್ ಕಡೆಯವರೇ. ಪುಟ್ಟಸ್ವಾಮಣ್ಣ ಬೊಂಬೆಯನ್ನು ಎತ್ತಿ ತೋರಿಸಿದರು. "ಇದು ನೀನೇ ಕಣಣ್ಣ. ಒಸಿ ಉದ್ದ ಆಗೋಗೈತೆ. ಬ್ಯಾರೆ ಕಡೆದ್ಕೊಡ್ಲಾ?"

ಮಾದಪ್ಪ ಮುಖವನ್ನು ಫೋನಿನ ಹತ್ತಿರ ತಂದು ನೋಡಿದರು. "ಬ್ಯಾಡ ಕಣಣ್ಣ. ಮೂವತ್ತು ವರ್ಸದಿಂದ ಎಲ್ರನ್ನೂ ತಲೆ ಎತ್ತೇ ನೋಡಿವ್ನಿ. ಅದಾದ್ರೂ ಹಂಗೇ ಇರ್ಲಿ ಬುಡು."

ಮ್ಯಾನೇಜರ್ ಒಂಬತ್ತನ್ನೂ ಪೆಟ್ಟಿಗೆಗೆ ತುಂಬಿಸಿಕೊಂಡರು.

ಆ ಹೋಟೆಲಿಗೆ ಒಮ್ಮೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಮಾದಪ್ಪ ಸಲಾಂ ಹೊಡೆಯುವ ಮೊದಲೇ ನಾನು ನಮಸ್ಕಾರ ಹೇಳಬೇಕು. ಒಳಗೆ ಹೋಗುವ ವಿಷಯ ಇನ್ನೂ ಯೋಚಿಸಿಲ್ಲ.