ಹೂದೋಟಕ್ಕೆ ಹೋದ ಮೊಗ್ಗಿನ ಜಡೆ

ನಾಗಪುರಕ್ಕೆ ಬಂದ ಹೊಸತರಲ್ಲಿ ಸೀತಾಬರ್ಡಿಯ ಬಜಾರಿಗೆ ಹೂವು ತರಲು ಹೋಗಿ ಆಸ್ಪತ್ರೆಯ ದಾರಿ ಕೇಳಿಸಿಕೊಂಡು ಬಂದೆ. ಎರಡು ಮೊಳ ಮಲ್ಲಿಗೆ ಬೇಕಿತ್ತು. ಭಾಷೆ ಬಾರದು. ಬಲಗೈಯ ಮೊಣಕೈಯಿಂದ ಬೆರಳ ತುದಿಯವರೆಗೆ ಎಡಗೈಯಲ್ಲಿ ಸವರಿ ಎರಡು ಬೆರಳು ತೋರಿಸಿದೆ. ಹೂವಿನವನು ಮರುಕದಿಂದ ನೋಡಿ, "ಹಾಥ್ ದುಖ್ ರಹಾ ಕ್ಯಾ, ಅಮ್ಮಾ?" ಅಂದ. ಕೈ ನೋಯುತ್ತಿದೆಯಾ ಎಂದು. ಎರಡು ದಿನದ ನೋವು ಎಂದುಕೊಂಡನೋ ಏನೋ, ಆಟೋದವನನ್ನು ಕೂಗಿ ಕರೆದು, ಇವರನ್ನು ರಾಮದಾಸಪೇಠ್‌ಗೆ, ಮೂಳೆ ಡಾಕ್ಟರ ಹತ್ತಿರ ಬಿಡು ಎಂದೂ ಹೇಳಿಬಿಟ್ಟ. ನಮ್ಮ ನಂಜನಗೂಡಿನಲ್ಲಿ ಮೊಣಕೈ ಚಾಚಿದರೆ ಹೂವು ಬರುತ್ತದೆ. ಇಲ್ಲಿ ಆಟೋ ಬಂತು.

ಅದಾಗಿ ಐದು ವರ್ಷ. ಮಗಳು ಗೀತಾ ಇಲ್ಲಿ ಶಾಲೆಯ ಟೀಚರು, ಅಳಿಯಂದಿರು ಕೇಂದ್ರ ಸರ್ಕಾರದ ಕಚೇರಿಯಲ್ಲಿ. ಕೂಸನ್ನು ನೋಡಿಕೊಳ್ಳಲು ಆರು ತಿಂಗಳಿಗೆಂದು ಬಂದವಳು ಇಲ್ಲೇ ಉಳಿದೆ. ಸೆಮಿನರಿ ಹಿಲ್ಸ್ ಹತ್ತಿರ ಸರ್ಕಾರಿ ಕ್ವಾರ್ಟರ್ಸು, ಎರಡು ಕೋಣೆ. ಇಲ್ಲಿಯವರು ಅವಲಕ್ಕಿಯ ಮೇಲೆ ಕೆಂಪಗಿನ ಕಡಲೆಕಾಳು ಸಾರು ಸುರಿದುಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ತಿನ್ನುತ್ತಾರೆ. ಆ ಸಾರಿಗೆ ತರ್ರಿ ಎನ್ನುತ್ತಾರೆ. ಮೊದಲ ಸಲ ತಿಂದಾಗ ಕಣ್ಣಲ್ಲಿ ನೀರು ಬಂತು, ಈಗ ನಾನೇ ಇನ್ನೊಂದು ಸೌಟು ಕೇಳುತ್ತೇನೆ. ಮೊದಲ ವರ್ಷ ಮಧ್ಯಾಹ್ನಗಳು ಮಾತ್ರ ಕಳೆಯುತ್ತಲೇ ಇರಲಿಲ್ಲ. ಮಗಳೂ ಅಳಿಯಂದಿರೂ ಕೆಲಸಕ್ಕೆ, ಮಗು ನಿದ್ದೆಗೆ. ಕೂಲರಿನ ಗರ್ರ್ ಎನ್ನುವ ಸದ್ದು ಬಿಟ್ಟರೆ ನನ್ನೊಂದಿಗೆ ಮಾತಾಡುವವರೇ ಇರಲಿಲ್ಲ.

ಆದರೆ ಮೊಮ್ಮಗಳು ಸಿಂಧು ಮಾತು ಕಲಿತಳು ನೋಡಿ, ನನ್ನ ಮನೆ ತುಂಬಿತು. ಅರ್ಧ ಕನ್ನಡ, ಅರ್ಧ ಮರಾಠಿ, ಬಾಯಿ ಮುಚ್ಚುವುದೇ ಇಲ್ಲ. ಅವಳು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ. ಆ ಗುಳಿಯನ್ನು ದಿನಕ್ಕೆ ನೂರು ಸಲ ನೋಡುತ್ತೇನೆ, ಸಾಲುವುದಿಲ್ಲ.

ಜೂನ್‌ನಲ್ಲಿ ಅವಳು ದೊಡ್ಡ ಶಾಲೆಗೆ ಸೇರಬೇಕು. ಹೋಳಿ ಮುಗಿದ ವಾರ ಗೀತಾ, "ಅಮ್ಮ, ಈ ಬಿಸಿಲಿಗೆ ತಲೆಯೆಲ್ಲಾ ಬೆವರುಸಾಲೆ. ಭಾನುವಾರ ಬಾಬ್ ಕಟ್ ಮಾಡಿಸಿಬಿಡ್ತೀನಿ," ಅಂದಳು. ಊರಿನಲ್ಲಿರುವ ನನ್ನ ಅಕ್ಕ ಸರಸ್ವತಿ ಪ್ರತಿ ಕಾಗದದಲ್ಲೂ ಕುಟುಕುತ್ತಿದ್ದಳು: "ಮೊಮ್ಮಗಳನ್ನು ಮರಾಠಿಯವಳನ್ನಾಗಿ ಮಾಡಿದೆ. ಒಂದು ಮೊಗ್ಗಿನ ಜಡೆಯನ್ನಾದರೂ ಕಂಡಿತೇ ಆ ಮಗು?" ನಮ್ಮ ಕಡೆ ಹೆಣ್ಣುಮಗುವಿಗೆ ಮಲ್ಲಿಗೆಯ ಕಾಲದಲ್ಲಿ ಒಮ್ಮೆಯಾದರೂ ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸದಿದ್ದರೆ ಏನೋ ಬಾಕಿ ಉಳಿದಂತೆ. ಕೂದಲು ಹೋಗುವ ಮೊದಲು ಜಡೆ ಆಗಬೇಕು, ಅಕ್ಕನಿಗೆ ಫೋಟೋ ಹೋಗಬೇಕು. ನನಗೆ ಇದ್ದದ್ದು ಶನಿವಾರ ಒಂದೇ ದಿನ.

ಇಬ್ಬರು ಸ್ನೇಹಿತೆಯರನ್ನು ಕರೆದೆ. ಪಕ್ಕದ ಮನೆಯ ಸುಲಭಾತಾಯಿ ಇಲ್ಲಿಯವರೇ, ಮರಾಠಿಯವರು. ಮೇಲಿನ ಮನೆಯ ಶಾಂತಕ್ಕ ಬಾಗಲಕೋಟೆಯವರು. ಬೆಳಿಗ್ಗೆ ತಂದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಹರಡಿಕೊಂಡು ಮೂವರೂ ಸೂಜಿ ಹಿಡಿದು ಕೂತೆವು. ಮಗುವಿನ ಕೂದಲಿಗೆ ಚೌರಿ ಸೇರಿಸಿ ಉದ್ದ ಮಾಡಿ, ಬಾಳೆಪಟ್ಟೆಯ ಮೇಲೆ ಮೊಗ್ಗನ್ನು ಸಾಲು ಸಾಲಾಗಿ ಹೊಲಿದು ಜಡೆಗೆ ಕಟ್ಟಬೇಕು. ನಡುವೆ ಇಡಲು ಕನಕಾಂಬರ ಸಿಗಲಿಲ್ಲ.

"ಅಬೋಲಿ ಕೊಂಕಣದಲ್ಲಿ. ನಮ್ಮ ವಿದರ್ಭದ ಬಿಸಿಲಿಗೆ ಎಲ್ಲಿಂದ ಬರಬೇಕು?" ಅಂದರು ಸುಲಭಾತಾಯಿ ಮರಾಠಿಯಲ್ಲಿ. ಕನಕಾಂಬರಕ್ಕೆ ಇಲ್ಲಿ ಅಬೋಲಿ ಎನ್ನುತ್ತಾರೆ. ಚೆಂಡುಹೂವಿನ ಎಸಳು ಕಿತ್ತು ಇಟ್ಟೆವು.

"ನಿಮ್ಮ ಮೈಸೂರು ಕಡೀ ಮಂದೀಗೆ ಬ್ಯಾರೆ ಕೆಲಸ ಇಲ್ಲೇನ್ರಿ?" ಶಾಂತಕ್ಕ ಬೆರಳು ಚುಚ್ಚಿಕೊಂಡು ರೇಗಿದರು. "ಇಷ್ಟೊತ್ತಿಗೆ ನಾ ಐವತ್ತು ರೊಟ್ಟಿ ಬಡಿದಿರ್ತಿದ್ದೆ."

"ಅಜ್ಜಿ, ಮಾನ್ ನೋಯ್ತಿದೆ," ಅಂದಳು ಸಿಂಧು, ಕುತ್ತಿಗೆ ಮುಟ್ಟಿಕೊಂಡು. ಆದರೂ ಅಲುಗಾಡಲಿಲ್ಲ, ಬಂಗಾರ.

ಸಾಯಂಕಾಲ ಹೂದೋಟಕ್ಕೆ ಹೋದೆವು. ಅಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ತಿರುಗುವ ಫೋಟೋದವನೊಬ್ಬ ಇರುತ್ತಾನೆ. ಊರಿನ ನದಿದಂಡೆಯಲ್ಲಿ ಗಿಡಗಳು ತಮಗೆ ತೋಚಿದ ಕಡೆ ಬೆಳೆಯುತ್ತವೆ. ಇಲ್ಲಿ ಡೇಲಿಯಾ, ಗುಲಾಬಿ ಎಲ್ಲವೂ ಇಟ್ಟಿಗೆಯ ಗೆರೆಯೊಳಗೆ ಶಾಲೆಯ ಮಕ್ಕಳ ಹಾಗೆ ನಿಂತಿದ್ದವು. ಬೇಲಿಯಾಚೆ ಮಾತ್ರ ಒಂದು ಮುತ್ತುಗದ ಮರ, ಎಲೆಯೇ ಇಲ್ಲದೆ ಮೈತುಂಬ ಕೆಂಪು. ಜನ ಹೂವು ಬಿಟ್ಟು ಸಿಂಧುವಿನ ಬೆನ್ನು ನೋಡತೊಡಗಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಫೋಟೋದವನು ಮಗುವನ್ನು ಡೇಲಿಯಾ ಮುಂದೆ ಕೂರಿಸಿದ. "ಕನ್ನಡಿ ಎಲ್ಲಪ್ಪಾ?" ಅಂತ ನನಗೆ ಬರುವ ಹಿಂದಿಯಲ್ಲಿ ಕೇಳಿದೆ.

"ಯಾವ ಕನ್ನಡಿ?"

ನಾನು ಪೆಚ್ಚಾದೆ. ನಮ್ಮೂರ ಸ್ಟುಡಿಯೋದಲ್ಲಿ ಆಳುದ್ದದ ಕನ್ನಡಿ ಇರುತ್ತದೆ. ಮಗುವಿನ ಹಿಂದೆ ಅದನ್ನು ನಿಲ್ಲಿಸಿ, ಮುಖವೂ ಜಡೆಯೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯುತ್ತಾರೆ. ಫೋಟೋದವನ ಹತ್ತಿರ ಕನ್ನಡಿ ಇಲ್ಲದಿರಬಹುದೆಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ.

"ರೀಲಿನಲ್ಲಿ ಒಂದೇ ಫೋಟೋ ಉಳಿದಿದೆ," ಅಂದ ಅವನು. "ಮುಖ ಬೇಕೋ, ಬೆನ್ನು ಬೇಕೋ ಹೇಳಿ."

"ಬರೇ ಬೆನ್ನು ಕಳಿಸಿದ್ರ, ನಿಮ್ಮಕ್ಕ ಇದು ಯಾರ ಹುಡುಗೀದು ಅಂತಾಳ," ಅಂದರು ಶಾಂತಕ್ಕ. ಅಕ್ಕ ಹಾಗೆ ಅನ್ನುವವಳೇ. ಅಷ್ಟರಲ್ಲಿ ಮೇಲಿನ ಸಾಲಿನ ಮೊಗ್ಗುಗಳು ಬಾಯಿ ಬಿಡತೊಡಗಿದ್ದವು. ಹೊತ್ತಾದರೆ ಜಡೆಯ ಅಂದವೇ ಹೋಗುತ್ತದೆ.

ಸುಲಭಾತಾಯಿ ಗೇಟಿನ ಕಡೆ ಹೊರಟರು. ಹೊರಗೆ ಬೇವಿನ ಮರದಡಿ ಕ್ಷೌರದವನೊಬ್ಬ ಕಾಂಡಕ್ಕೆ ಕನ್ನಡಿ ನೇತುಹಾಕಿಕೊಂಡು ಕೆಲಸ ಮಾಡುತ್ತಿದ್ದ. ಅವರು ಅವನಿಗೆ ಏನು ಹೇಳಿದರೋ, ಐದು ನಿಮಿಷಕ್ಕೆ ಅವನನ್ನೂ ಕನ್ನಡಿಯನ್ನೂ ಕರೆತಂದರು. ಹಿಂದೆಯೇ ಅವನ ಗಿರಾಕಿ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಸೋಪಿನ ನೊರೆ.

"ನೀವ್ಯಾಕ್ರಿ ಬಂದ್ರಿ?" ಅಂತ ಶಾಂತಕ್ಕ ಕೇಳಿದ್ದನ್ನು ಸುಲಭಾತಾಯಿ ಗಿರಾಕಿಗೆ ತಿಳಿಸಿದರು.

"ಅರ್ಧ ಗಡ್ಡ ಬಿಟ್ಟು ಅವನು ಹೋದರೆ ನಾನೆಲ್ಲಿ ಹೋಗಲಿ, ತಾಯಿ?" ಅಂದರು ಅವರು ಮರಾಠಿಯಲ್ಲಿ.

ಕ್ಷೌರದವನು ಮಗುವಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕನ್ನಡಿ ಎತ್ತಿ ಹಿಡಿದ. ಅದರಲ್ಲಿ ಜಡೆ ಕಂಡಿತು. ಬಿಳಿ, ಕಿತ್ತಳೆ, ಬಿಳಿ, ಕಿತ್ತಳೆ, ಕೊನೆಗೆ ಕುಚ್ಚು. ನಾನು ಕೈಮುಗಿದೆ, ಯಾರಿಗೆಂದು ಗೊತ್ತಿಲ್ಲ. ಆದರೆ ಇಳಿಬಿಸಿಲು ಕನ್ನಡಿಗೆ ಬಡಿದು ಫೋಟೋದವನ ಕಣ್ಣು ಕುಕ್ಕಿತು. ಅವನು "ಥೋಡಾ ತಿರ್ಛಾ" ಅಂದ, ಸ್ವಲ್ಪ ಓರೆ ಮಾಡು ಎಂದು. ಕ್ಷೌರದವನು ಕನ್ನಡಿ ತಿರುಗಿಸಿದ. ನಾವು ಮೂವರೂ ಮೂರು ಭಾಷೆಯಲ್ಲಿ ಬೇಡ ಬೇಡ ಎಂದು ಕೂಗಿದೆವು. ನಮ್ಮ ಕೂಗಿಗೆ ಸಿಂಧು ಕಿಲಕಿಲ ನಕ್ಕಳು. ಅದೇ ಗಳಿಗೆಗೆ ಅವನು ಕ್ಲಿಕ್ ಮಾಡಿಬಿಟ್ಟ.

ಭಾನುವಾರ ಕೂದಲು ಹೋಯಿತು. ಮುಂದಿನ ವಾರ ಫೋಟೋ ಬಂತು. ಮುಂದೆ ಸಿಂಧು, ಎಡಗೆನ್ನೆಯ ಗುಳಿ ಸಮೇತ. ಹಿಂದಿನ ಕನ್ನಡಿಯಲ್ಲಿ ಜಡೆಯಿಲ್ಲ, ಕುಚ್ಚಿನ ತುದಿಯೂ ಇಲ್ಲ. ಅದರ ತುಂಬ ನಾವೇ. ಬಾಯಿ ತೆರೆದ ಮೂರು ಮುದುಕಿಯರು, ಪಕ್ಕದಲ್ಲಿ ನೊರೆ ಮೆತ್ತಿದ ಅರ್ಧ ಮುಖ. ಒಂದು ದಿನ ಅತ್ತೆ. ಮರುದಿನ ನೋಡಿದಾಗ ನಗು ತಡೆಯಲಾಗಲಿಲ್ಲ, ಸುಲಭಾತಾಯಿಗೂ ಶಾಂತಕ್ಕನಿಗೂ ಒಂದೊಂದು ಪ್ರತಿ ಹಾಕಿಸಿಕೊಟ್ಟೆ. ಅಕ್ಕನಿಗೂ ಕಳಿಸಿದೆ.

ಹದಿನೈದು ದಿನ ಬಿಟ್ಟು ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿದೆ.

"ಜಡೆ ಎಲ್ಲೇ?" ಅಂದಳು.

"ಹಾಕಿದ್ವಿ ಕಣೇ ಅಕ್ಕ, ದೇವರಾಣೆ."

"ಆಯ್ತು, ನಂಬ್ದೆ. ಕನ್ನಡೀಲಿ ನಿನ್ನ ಪಕ್ಕ ಇದಾರಲ್ಲ, ಅವರೆಲ್ಲ ಯಾರೇ?"

"ನಮ್ಮೋರು," ಅಂದೆ. ಯೋಚಿಸದೆ ಬಂದ ಮಾತು.

ಅಕ್ಕ ಕೇಳಿದಳು: "ಹಂಗಾದ್ರೆ ನಾವ್ಯಾರೇ?"

"ಮುಂದಿನ ವರ್ಷಕ್ಕೆ ಕೂದಲು ಬೆಳೆಯುತ್ತೆ. ನೀನೇ ಬಂದು ಕನ್ನಡಿ ಹಿಡಿ," ಅಂದೆ.

"ಅಷ್ಟು ದೂರ ನಾನ್ಯಾಕೆ ಬರ್ಲಿ? ನೀನೇ ಮಗೂನ ಇಲ್ಲಿಗೆ ಕರ್ಕೊಂಡು ಬಾ. ಬಂದವಳು ಇಲ್ಲೇ ಇರು."

ನಾನೂ ಹೂಂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಫೋನನ್ನು ಮಾತ್ರ ಇಬ್ಬರೂ ಇಡಲಿಲ್ಲ.